ತೂತಿಲ್ಲದ ಕಿಂಡಿ

ನಮ್ಮೂರಿನಲ್ಲಿ ಸೋರುವ ಮಾಳಿಗೆಯನ್ನು ಯಾರೂ ತಾವಾಗಿ ರಿಪೇರಿ ಮಾಡಿಸುವುದಿಲ್ಲ. ಜನ ಸೋಮಾರಿಗಳು ಅಂತಲ್ಲ. ಸೋಮಾರಿಗಳೇ, ಅದು ಬೇರೆ ಮಾತು. ಎದುರಿನ ಕಡೆಯವರು ಮಾಡಿಸಲಿ ಎಂದು ಕಾಯುತ್ತಾರೆ. ಊರಿನ ನಡುವೆ ದಾರ ಹಿಡಿದು ಎಳೆದಂತೆ ನೆಟ್ಟಗಿನ ಒಂದು ಬೀದಿಯಿದೆ, ಅದರ ಹೆಸರು ನಡುಗೆರೆ. ಅದರ ಮೂಡಣಕ್ಕೆ ಏನಿದೆಯೋ ಪಡುವಣಕ್ಕೂ ಅದೇ ಇದೆ, ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ. ಈ ಕಡೆಯ ಮನೆಯವರು ಗೋಡೆಗೆ ಒಂದು ಗೂಟ ಹೊಡೆದರೆ ಆ ಕಡೆಯ ಜೋಡಿಮನೆಯ ಗೋಡೆಯಲ್ಲಿ ಅದೇ ಗಳಿಗೆಗೆ, ಅದೇ ಎತ್ತರಕ್ಕೆ ಒಂದು ಗೂಟ ಮೂಡುತ್ತದೆ. ನೆಲಕ್ಕೆ ನೆಟ್ಟದ್ದು, ಗೋಡೆಗೆ ಅಂಟಿದ್ದು ಎಲ್ಲಾ ಹೀಗೆಯೇ. ಎತ್ತಿಕೊಂಡು ಹೋಗಬಹುದಾದದ್ದು ಮಾತ್ರ ಅವರವರ ಪಾಲಿಗೆ: ಕೊಡ, ಕಂಬಳಿ, ಕೋಳಿ, ಗಂಡ.

ಹೊಸದಾಗಿ ಮದುವೆಯಾಗಿ ಬಂದಾಗ ನನಗಿದು ಸ್ವರ್ಗ ಅನ್ನಿಸಿತ್ತು. ಜೋಡಿಮನೆಯವರು ಜಗಲಿ ಕಟ್ಟಿಸಿದರೆ ನಮಗೆ ಪುಕ್ಕಟೆ ಜಗಲಿ! ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುದ್ಧಿ ಬಂತು. ಅವರೂ ಹಾಗೆಯೇ ಲೆಕ್ಕ ಹಾಕುತ್ತಾರಲ್ಲ! ನಮ್ಮ ಮಾವ ನಲವತ್ತು ವರ್ಷ ಸೋರುವ ಮಾಳಿಗೆಯ ಕೆಳಗೆ ಬೋಗುಣಿ ಇಟ್ಟುಕೊಂಡು, "ಆ ಕಡಿಯವರು ಎಷ್ಟ ದಿನಾ ತಡಕೊಂತಾರ ನೋಡೂಣು" ಎನ್ನುತ್ತಲೇ ತೀರಿಕೊಂಡರು. ಆ ಕಡೆಯ ಮುದುಕನೂ ಬೋಗುಣಿಯ ಪಕ್ಕದಲ್ಲೇ ಹೋದನಂತೆ. ಮಾಳಿಗೆ ಇನ್ನೂ ಸೋರುತ್ತಿದೆ.

ಕಟ್ಟುವುದು ಹೀಗಾದರೆ ಕೆಡವುವುದರಲ್ಲಿ ನಮ್ಮವರು ಭಾರಿ ಚುರುಕು. ಹಿಂದೊಮ್ಮೆ ಒಬ್ಬ ಪುಣ್ಯಾತ್ಮ ಜೋಡಿಮನೆಯವನ ಮೇಲಿನ ಸಿಟ್ಟಿಗೆ ತನ್ನದೇ ಪಡಸಾಲೆಯ ಕಂಬಕ್ಕೆ ಕೊಡಲಿ ಹಾಕಿದ. ಎರಡೂ ಮನೆ ಕುಸಿದು ಕೂತವು. ಕಲ್ಲುಮಣ್ಣಿನ ಗುಡ್ಡೆಯ ಮೇಲೆ ನಿಂತು ಅವನು ಮೀಸೆ ತಿರುವುತ್ತಿದ್ದನಂತೆ. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಲಿ ಎಂಬ ಗಾದೆ ನಮ್ಮೂರಿನಲ್ಲೇ ಹುಟ್ಟಿರಬೇಕು. ಅದಾದ ಮೇಲೆ ಸರಿಸಮ ಸಮಿತಿ ಅಂತ ಒಂದನ್ನು ಕಟ್ಟಿ ನಿಯಮ ಬರೆದರು. ಕಟ್ಟುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಒಡೆಯುವುದಕ್ಕೆ, ತೂತು ಕೊರೆಯುವುದಕ್ಕೆ ಜೋಡಿಮನೆಯವರ ಒಪ್ಪಿಗೆ ಬೇಕು, ಮೇಲೆ ಸಮಿತಿಯ ರುಜು ಬೇಕು. ಸಮಿತಿಯವರು ಕೂರುವ ಕಟ್ಟೆ ನಡುಗೆರೆಯ ಮೇಲೇ ಇದೆ. ನಡುಗೆರೆಯ ಮೇಲೆ ಏನು ಮಾಡಿದರೂ ಯಾವ ಕಡೆಗೂ ಏನೂ ಆಗುವುದಿಲ್ಲ, ಅದಕ್ಕೇ ಆ ಜಾಗ ಆರಿಸಿದ್ದಾರೆ.

ನನ್ನ ಹೆಸರು ಕಾಳವ್ವ. ನನ್ನ ಗಂಡ ಮೌನೇಶಾಚಾರಿ, ಕಲ್ಲಿನಲ್ಲಿ ಜಾಲಂದ್ರ ಕೊರೆಯುವವರು. ಗಾಳಿ ಬೆಳಕು ಬರಲೆಂದು ಗೋಡೆಗೆ ಕೂಡಿಸುತ್ತಾರಲ್ಲ, ಆ ತೂತುತೂತಿನ ಚಂದದ ಕಲ್ಲು. ಸುತ್ತ ಹತ್ತೂರಿನ ಮನೆಗಳಿಗೆ ಇವರು ಗಾಳಿ ಕೊಟ್ಟಿದ್ದಾರೆ. ನಮ್ಮ ಅಡುಗೆಮನೆಗೆ ಮಾತ್ರ ಒಂದು ಬೆರಳು ತೂರುವಷ್ಟು ಕಿಂಡಿಯಿರಲಿಲ್ಲ. ಒಲೆ ಹೊತ್ತಿಸಿದರೆ ಹೊಗೆ ಮೇಲಕ್ಕೇರಿ, ಅಟ್ಟಕ್ಕೆ ಬಡಿದು, ದಾರಿ ಕಾಣದೆ ನನ್ನ ಎದೆಯೊಳಕ್ಕೇ ಇಳಿಯುತ್ತಿತ್ತು. ನಮ್ಮ ಅತ್ತೆ ಅದೇ ಒಲೆಯ ಮುಂದೆ ಕೆಮ್ಮಿ ಕೆಮ್ಮಿ ಒಂದು ದಿನ ಊದುಗೊಳವೆ ಕೈಯಲ್ಲಿರುವಾಗಲೇ ಒರಗಿಬಿಟ್ಟರು. ಆ ಊದುಗೊಳವೆ ನನ್ನ ಕೈಗೆ ಬಂತು, ಹಿಂದೆಯೇ ಕೆಮ್ಮೂ ಬಂತು. ಕಂಪೌಂಡರು ಬೆನ್ನಿಗೆ ಕಿವಿಯಿಟ್ಟು ಕೇಳಿ, "ಹೊಗಿ ಹೋಗಾಕ ದಾರಿ ಮಾಡ್ಕೊ ನಮ್ಮವ್ವಾ. ಇಲ್ಲಂದ್ರ ಇನ್ನ ಮೂರು ನಾಕು ಮಳಿಗಾಲ ಕಂಡ್ರ ನಿನ್ನ ಪುಣ್ಯಾ" ಎಂದ.

ಒಲೆಯನ್ನು ಹಿತ್ತಲಿಗೆ ಹಾಕಿಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹಾಕಿದ್ದೆ. ನಾನು ಹಿತ್ತಲಲ್ಲಿ ಒಲೆ ಮೆತ್ತಿದ್ದೇ ತಡ, ಜೋಡಿಮನೆಯ ಹಿತ್ತಲಲ್ಲಿ ಅವರ ತುಳಸಿಕಟ್ಟೆಗೆ ಮೊಳ ದೂರದಲ್ಲಿ ನನ್ನ ಒಲೆ ಎದ್ದಿತು. ಅರ್ಧ ಗಳಿಗೆಯಲ್ಲಿ ಅವರು ಹಾರೆ ತಂದು ಬಡಿದರು, ಇಲ್ಲಿ ನನ್ನ ಕಣ್ಣೆದುರಿಗೇ ಒಲೆ ಪುಡಿಯಾಯಿತು, ಮೇಲಿಟ್ಟ ಬೇಳೆ ಮಣ್ಣುಪಾಲು. ಕೆಡವುವುದಕ್ಕೆ ಒಪ್ಪಿಗೆ ಬೇಕೆಂಬ ನಿಯಮ ಬರೆದ ಮನುಷ್ಯನೇ ಬಡಿದದ್ದು. ಆತ ಶೇಷಗಿರಿ ಮಾಸ್ತರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಸಮಿತಿಯ ಅಧ್ಯಕ್ಷರು, ನನ್ನ ಹಣೆಬರಹಕ್ಕೆ ನಮ್ಮ ಜೋಡಿಮನೆಯವರು.

ಈ ಮಾಸ್ತರರಿಗೆ ಒಂದು ಹುಚ್ಚು. ಊರು ಯಾಕೆ ಸರಿಸಮವಾಗಿದೆ ಎಂಬುದನ್ನು ಒಂದೇ ಆಕೃತಿಯಲ್ಲಿ ತೋರಿಸುತ್ತೇನೆಂದು ತಮ್ಮ ಹಿತ್ತಲಗೋಡೆಗೆ ಸುಣ್ಣ ಬಳಿದು, ಅದರ ಮೇಲೆ ಹದಿನಾರು ವರ್ಷದಿಂದ ವೃತ್ತ, ತ್ರಿಕೋನ, ಗೆರೆಯ ಮೇಲೆ ಗೆರೆ ಎಳೆಯುತ್ತಿದ್ದರು. ಅದೆಲ್ಲ ನಮ್ಮ ಹಿತ್ತಲಗೋಡೆಗೂ ಬರುತ್ತಿತ್ತು, ತಿರುಗುಮುರುಗಾಗಿ. ನಾನು ಅದರ ಮೇಲೆ ಕುಳ್ಳು ತಟ್ಟುತ್ತಿದ್ದೆ. ಒಣಗಿದ ಕುಳ್ಳು ಕಿತ್ತರೆ ಸಗಣಿಯ ದುಂಡು ಕಲೆ ಗೋಡೆಯಲ್ಲಿ ಉಳಿಯುತ್ತದೆ, ಅದು ಅವರ ಗೋಡೆಗೆ ಹೋಗುತ್ತದೆ. ಮಾಸ್ತರು ತಿಂಗಳುಗಟ್ಟಲೆ ಆ ದುಂಡುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದರಂತೆ. ಆ ಗೋಡೆಯ ಈಚೆ ಬದಿಯೇ ಅಡುಗೆಮನೆ. ನಾನು ಕಿಂಡಿ ಕೇಳಿದ ಜಾಗ ಅವರ ಆಕೃತಿಯ ಮಧ್ಯಬಿಂದುವಿಗೆ ಸರಿಯಾಗಿ ಬೀಳುತ್ತಿತ್ತು.

"ಸಾಧ್ಯ ಇಲ್ಲ ಆಚಾರ್ರೆ," ಎಂದರು ಮಾಸ್ತರು, ನಮ್ಮವರು ಹೋಗಿ ಕೈಮುಗಿದಾಗ. "ಮಧ್ಯಬಿಂದು ಹೋದ್ರ ಉಳಿಯೂದೇನು? ನಿಮ್ಮ ಹೆಂಡ್ತಿಗೆ ಕೆಮ್ಮು ಅದ, ಕಬೂಲ್. ಕೆಮ್ಮಿಗೆ ಶುಂಠಿ ಅದ. ಮಧ್ಯಬಿಂದುವಿಗೆ ಏನದ ಹೇಳ್ರಿ?"

ಇವರು ಹೇಳಲಿಲ್ಲ. ಹೆಸರೇ ಮೌನೇಶ.

ಕೊನೆಗೆ ನಾನೇ ಸಮಿತಿಯ ಕಟ್ಟೆಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿ ಕಾರ್ಯದರ್ಶಿ ಪಂಪಾಪತಿ, ಶಾಲೆಯ ಚಿತ್ರದ ಮಾಸ್ತರು. ಉದ್ದ ಕೂದಲು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಶೇಷಗಿರಿ ಮಾಸ್ತರು ಹೂಂ ಎಂದದ್ದಕ್ಕೆ ಊಹೂಂ ಎನ್ನುವುದೇ ಇವರ ಕಸುಬು. ಊರಿನ ಈ ಸರಿಸಮ ಗಣಿತ ಎಂದು ಅವರು, ಕಲೆ ಎಂದು ಇವರು, ಹೀಗೆ ಇಬ್ಬರೂ ಹಲ್ಲು ಉದುರುವ ತನಕ ಹೊಡೆದಾಡಿದ್ದರು. ಶೇಷಗಿರಿ ಬೇಡವೆಂದರು ಎಂದು ಕೇಳಿದ ತಕ್ಷಣ ಪಂಪಾಪತಿ ನನ್ನ ಅರ್ಜಿ ಹಿಡಿದುಕೊಂಡು ಎದ್ದೇ ನಿಂತರು. "ಕಿಂಡಿ ಆಗಾಕ ಬೇಕು! ಆದ್ರ ಸುಮ್ಮನ ಒಂದು ತೂತು ಅಲ್ಲ ಕಾಳವ್ವಾ. ಕಮಲದ ಹೂವಿನ ಆಕಾರ. ನೋಡಿದವರ ಕಣ್ಣು ತಣ್ಣಗಾಗಬೇಕು."

"ನನ್ನ ಕಣ್ಣು ಉರಿಯಾಕತ್ತಾವ್ರಿ ಮಾಸ್ತರ," ಎಂದೆ. "ಯಾವ ಆಕಾರರೆ ಇರ್ಲಿ, ಲಗೂನ ಮಾಡ್ರಿ."

ಲಗೂನ! ಬೇಗ ಅನ್ನುವ ಮಾತನ್ನೇ ಆಡಬಾರದಿತ್ತು. ಶೇಷಗಿರಿ ಮಾಸ್ತರು ಹಠಕ್ಕೆ ಬಿದ್ದು, ಕಿಂಡಿ ಆಗಲೇಬೇಕೆಂದರೆ ಅದು ಷಟ್ಕೋನವೇ ಆಗಬೇಕು, ಜೇನುಹುಳಕ್ಕೆ ತಿಳಿದದ್ದು ನಿಮಗೆ ತಿಳಿಯದೇ ಎಂದು ಆರು ಪುಟದ ತಕರಾರು ಬರೆದರು. ಜೇನುಹುಳ ಕೂರುವುದು ಹೂವಿನ ಮೇಲೋ ಷಟ್ಕೋನದ ಮೇಲೋ ಎಂದು ಪಂಪಾಪತಿ ಒಂಬತ್ತು ಪುಟ ಬರೆದರು. ಒಂದು ಮಳೆಗಾಲ ಹೋಯಿತು. ಸಮಿತಿಯ ಸಭೆಯಲ್ಲಿ ಹೂವಿನ ಪಕ್ಷ, ಕೋನದ ಪಕ್ಷ ಎಂದು ಊರೇ ಎರಡಾಯಿತು. ನನ್ನ ಓರಗೆಯ ಹೆಂಗಸರು ನೀರಿಗೆ ಬಂದಾಗ, "ನೀನು ಯಾವ ಪಕ್ಷಾನ?" ಎಂದು ನನ್ನನ್ನೇ ಕೇಳಿದರು. ನಾನು ಕೆಮ್ಮಿನ ಪಕ್ಷ ಎಂದೆ.

ಎರಡನೆಯ ವರ್ಷ ನಮ್ಮವರು ಬಾಯಿ ಬಿಡದೆ ಒಂದು ಕೆಲಸ ಮಾಡಿದರು. ಸಭೆ ಕೂತಿದ್ದಾಗ ಕಟ್ಟೆಯ ಮೇಲೆ ಮಂಡಿಯೂರಿ, ಒಂದು ದಾರದ ತುದಿಗೆ ಮೊಳೆ ಕಟ್ಟಿ, ಇನ್ನೊಂದು ತುದಿಗೆ ಇದ್ದಿಲು ಕಟ್ಟಿ, ನೆಲದ ಮೇಲೆ ದುಂಡಗೆ ಒಂದು ಗೆರೆ ಎಳೆದರು. ದಾರವನ್ನು ಹಿಗ್ಗಿಸದೆ ಕುಗ್ಗಿಸದೆ, ಮೊಳೆಯನ್ನು ಆ ಗೆರೆಯ ಮೇಲೆ ಇಟ್ಟು ಇನ್ನೊಂದು ದುಂಡು. ಅದು ಮೊದಲ ಗೆರೆಯನ್ನು ದಾಟಿದ ಕಡೆ ಮತ್ತೆ ಮೊಳೆ, ಮತ್ತೆ ದುಂಡು. ಹೀಗೆ ಆರು ಸಲ. ಏಳನೆಯ ಸಲ ಮೊಳೆ ಹೋಗಿ ಮೊದಲು ಇಟ್ಟ ಜಾಗದಲ್ಲೇ ಕೂತಿತು. ನಡುವೆ ಆರು ಎಸಳಿನ ಹೂವು ತಾನಾಗಿ ಅರಳಿತ್ತು. ಆಮೇಲೆ ಎಸಳಿನ ಆರು ತುದಿಗಳನ್ನು ನೆಟ್ಟನೆಯ ಗೆರೆಯಿಂದ ಜೋಡಿಸಿದರು. ಷಟ್ಕೋನ. ಎದ್ದು ನಿಂತು, "ಎರಡೂ ಒಂದ ದಾರದಾಗ ಅದಾವ್ರಿ. ನಮ್ಮಪ್ಪ ಕಲಿಸಿದ್ದು," ಎಂದರು. ಮದುವೆಯಾದಾಗಿನಿಂದ ಇವರ ಬಾಯಿಂದ ನಾನು ಕೇಳಿದ ಅತಿ ಉದ್ದನೆಯ ಮಾತು ಅದು. ಸುಳ್ಳು ಹೇಳಲಾರೆ, ನನಗೆ ಹೆಮ್ಮೆಯಾಯಿತು. ಚಂದವೂ ಇತ್ತು. ಒಂದು ಗಳಿಗೆ ಕೆಮ್ಮುವುದನ್ನೂ ಮರೆತೆ.

ಇಬ್ಬರು ಮಾಸ್ತರರ ಮುಖವೂ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ತಾವು ಹಲ್ಲು ಉದುರುವ ತನಕ ಹೊಡೆದಾಡಿದ್ದನ್ನು ಕಲ್ಲು ಕೆತ್ತುವವನೊಬ್ಬ ಮೊಳೆ ದಾರದಲ್ಲಿ ಮುಗಿಸಿಬಿಟ್ಟ ಎಂದರೆ ಯಾರಿಗೆ ಸಹಿಸೀತು? ಮೊದಲು ಶೇಷಗಿರಿ ಮಾಸ್ತರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಇದನ್ನ ನಾನು ಬಹಳ ಹಿಂದಽ ಹೇಳಿದ್ದೆ," ಎಂದರು. ಪಂಪಾಪತಿ, "ನಾ ಏನು ಬ್ಯಾರೆ ಹೇಳಿದ್ನೇನ್ರಿ?" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಕಲೆ ಗಣಿತ ಎರಡೂ ಒಂದೇ ಎಂದು ಅಂದಿನಿಂದ ಸಮಿತಿಯ ಬೋರ್ಡಿನ ಮೇಲೆ ಬರೆಸಿದರು. ದಾರದ ಸುದ್ದಿ ಯಾರೂ ಎತ್ತಲಿಲ್ಲ.

ಅವರು ಜಗಳವಾಡುತ್ತಿದ್ದಾಗಲೇ ನನಗೆ ಸುಖವಿತ್ತು. ಒಂದಾದ ಮೇಲೆ ಮನೆಗೇ ಬಂದು ಕೂರತೊಡಗಿದರು. ಹಿತ್ತಲಲ್ಲಿ ನಮ್ಮವರು ಕಲ್ಲಿನ ಚಪ್ಪಡಿ ಇಟ್ಟುಕೊಂಡು ಜಾಲಂದ್ರ ಕೆತ್ತುತ್ತಿದ್ದರೆ, ಒಬ್ಬರು ಆ ಬದಿ, ಒಬ್ಬರು ಈ ಬದಿ. ಷಟ್ಕೋನದೊಳಗೆ ಹೂವು, ಹೂವಿನ ಸುತ್ತ ಆರು ಷಟ್ಕೋನ, ಒಂದೊಂದರ ಒಳಗೂ ಒಂದೊಂದು ಹೂವು. ನನಗೆ ಇಬ್ಬರಿಗೂ ಚಹಾ ಕಾಸುವ ಕೆಲಸ, ಅಂದರೆ ಮತ್ತಷ್ಟು ಹೊಗೆ. ಶೇಷಗಿರಿ ಮಾಸ್ತರು ಮನೆಯ ಹೊರಗೇ ಕೂತು ಚಹಾ ಕುಡಿದರು, ಒಳಗೆ ಬರಲಿಲ್ಲ. ತಮ್ಮ ಮನೆಯ ಅಡುಗೆಮನೆಗೂ ಅವರು ಹೋದವರಲ್ಲವಂತೆ, ನಮ್ಮದಕ್ಕೆ ಬರುವುದುಂಟೇ! ನಾನು ಕೆಮ್ಮಿದಾಗೆಲ್ಲ ಪಂಪಾಪತಿ, "ಆತು ತಂಗೀ, ಇನ್ನೇನು ಆತು," ಎನ್ನುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಹೂವಿಗೂ ಹೂವಿಗೂ ನಡುವೆ ತೂತು ಕೊರೆಯಲೆಂದು ಉಳಿಸಿದ್ದ ಜಾಗವನ್ನು ಒಂದು ದಿನ ಪಂಪಾಪತಿ ಕಣ್ಣು ಕಿರಿದು ಮಾಡಿ ನೋಡಿದರು. "ಆಚಾರ್ರ, ಈ ಖಾಲಿ ಜಾಗಾ ಕಣ್ಣಿಗೆ ಚುಚ್ಚತೈತಿ. ಇಲ್ಲೊಂದು ಸಣ್ಣ ಹೂವಾ ಬರ್ಲಿ." ಶೇಷಗಿರಿ ಮಾಸ್ತರರೂ ತಲೆಯಾಡಿಸಿ, "ಖಾಲಿ ಬಿಟ್ರ ಆಕೃತಿ ಪೂರ್ಣ ಆಗೂದಿಲ್ಲ," ಎಂದರು. ಸಣ್ಣ ಹೂವು ಬಂತು. ಅದರ ಸಂದಿಗೆ ಇನ್ನೂ ಸಣ್ಣದು. ನಮ್ಮವರಿಗೋ ಕೈ ಸೋತರೂ ಮನಸ್ಸು ಸೋಲದು. ಕಲ್ಲಿನ ಮೇಲೆ ಬಗ್ಗಿದವರು ಎದ್ದರೆ ಉಂಡಿದ್ದೇವೋ ಇಲ್ಲವೋ ಎಂಬುದೂ ನೆನಪಿರುತ್ತಿರಲಿಲ್ಲ. ನಾನು ಒಳಗೆ ಎದೆ ಹಿಡಿದುಕೊಂಡು ಕೂತಿರುತ್ತಿದ್ದೆ, ಇವರು ಹೊರಗೆ ಉಳಿ ಹಿಡಿದುಕೊಂಡು. ಕೂಗಿದರೆ "ಬಂದೆ" ಎನ್ನುವರು, ಬರುತ್ತಿರಲಿಲ್ಲ.

ಮೂರನೆಯ ಮಳೆಗಾಲ ಮುಗಿದು, ಹಬ್ಬಗಳು ಕಳೆದು, ಒಂದು ದಿನ ಬೆಳಿಗ್ಗೆ ಕಲ್ಲು ಮುಗಿಯಿತು. ಮೂವರೂ ಕೈಕಟ್ಟಿ ಅದರ ಮುಂದೆ ನಿಂತಿದ್ದರು. ನಾನು ಹೋಗಿ ನೋಡಿದೆ. ಹೂವಿನೊಳಗೆ ಕೋನ, ಕೋನದೊಳಗೆ ಹೂವು, ಅಂಚಿನಿಂದ ಅಂಚಿಗೆ ಒಂದು ಸಾಸಿವೆ ಇಡಲೂ ಜಾಗವಿಲ್ಲ. ಕಲ್ಲಿನ ಹಿಂದಕ್ಕೆ ಹೋಗಿ ನೋಡಿದೆ. ಹಿಂಬದಿ ನುಣ್ಣಗಿತ್ತು. ಒಲೆಯಿಂದ ಹೊಗೆಯಾಡುವ ಕೊಳ್ಳಿಯೊಂದನ್ನು ತಂದು ಕಲ್ಲಿನ ಮುಂದೆ ಹಿಡಿದೆ. ಹೊಗೆ ಹೂವಿನ ಮೇಲೆಲ್ಲ ಹರಿದಾಡಿ, ತಿರುಗಿ ಬಂದು ನನ್ನ ಮುಖಕ್ಕೇ ಹೊಡೆಯಿತು.

"ತೂತ ಎಲ್ಲೈತ್ರಿ?" ಎಂದೆ.

ಮಾಸ್ತರು ಪಂಪಾಪತಿಯ ಮುಖ ನೋಡಿದರು, ಪಂಪಾಪತಿ ನಮ್ಮವರ ಮುಖ. ನನ್ನ ಗಂಡ ನೆಲ ನೋಡಿಕೊಂಡು, "ತೂತ ತಗದ್ರ ನಕ್ಷಿ ಕೆಡತೈತಿ ಕಾಳೀ," ಎಂದರು.

ನನಗೆ ಅಳು ಬಂತು. ಸಿಟ್ಟಿನಿಂದಲ್ಲ. ಉಳಿದವರು ಹೇಗಿದ್ದರೂ ಇವರಾದರೂ ನನ್ನ ಕಡೆ ಇದ್ದಾರೆ ಎಂದುಕೊಂಡಿದ್ದೆ. ಶೇಷಗಿರಿ ಮಾಸ್ತರರಿಗೆ ಮಾತ್ರ ಮುಖವೆಲ್ಲ ನಗು. ತೂತೇ ಇಲ್ಲವೆಂದ ಮೇಲೆ ಗೋಡೆ ಒಡೆಯುವ ಪ್ರಶ್ನೆಯೇ ಇಲ್ಲ. ಮಧ್ಯಬಿಂದುವಿನ ಮೇಲೇ ಈ ಕಲ್ಲನ್ನು ಕಿರೀಟದ ಹಾಗೆ ಕೂಡಿಸಬಹುದು. ನಮ್ಮ ಗೋಡೆಗೆ ಹಚ್ಚಿದರೆ ಅವರ ಗೋಡೆಗೂ ಬರುತ್ತದೆ, ಪುಕ್ಕಟೆ. "ನನ್ನ ಪೂರ್ಣ ಒಪ್ಪಿಗಿ ಅದ," ಎಂದು ನಿಂತ ಕಾಲಲ್ಲೇ ರುಜು ಹಾಕಿದರು. ಮೂರು ವರ್ಷದಿಂದ ಕಾದ ರುಜು.

ಬರುವ ಹುಣ್ಣಿಮೆಯ ದಿನ ಮಧ್ಯಾಹ್ನ ಕಿಂಡಿ ಪ್ರತಿಷ್ಠಾಪನೆ ಎಂದು ಡಂಗುರ ಹೊಡೆಸಿದರು. ಕಿಂಡಿ ಎಂದೇ ಕರೆದರು. ನಡುಗೆರೆಯಲ್ಲಿ ಚಪ್ಪರ ಹಾಕಿ, ಕಲ್ಲಿಗೆ ಮಾಲೆ ಹಾಕಿ, ಭಾಷಣ ಮುಗಿದ ಮೇಲೆ ಮೆರವಣಿಗೆಯಲ್ಲಿ ತಂದು ನಮ್ಮ ಗೋಡೆಗೆ ಹಚ್ಚುವುದು, ಆಮೇಲೆ ಊಟ. ಮೂಡಣದವರು ನಮ್ಮ ಮನೆಯಲ್ಲಿ, ಪಡುವಣದವರು ಮಾಸ್ತರರ ಮನೆಯಲ್ಲಿ. ಅಡುಗೆ ಯಾರು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ಅದಕ್ಕೆ ಸಭೆ ಕರೆಯುವ ರೂಢಿಯಿಲ್ಲ.

ಅಂದು ಒಂದರ ಪಕ್ಕ ಒಂದರಂತೆ ಎರಡು ಒಲೆ ಹೊತ್ತಿಸಿದೆ. ಕಟ್ಟಿಗೆ ಹಸಿ. ಹೂರಣ ಬೇಯುವ ಹೊತ್ತಿಗೆ ಅಡುಗೆಮನೆಯಲ್ಲಿ ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಚಪ್ಪರದಿಂದ ಶೇಷಗಿರಿ ಮಾಸ್ತರರ ಭಾಷಣ ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ಕೆಮ್ಮು ಶುರುವಾದದ್ದು ನಿಲ್ಲಲಿಲ್ಲ. ಬಾಯಿಗೆ ಹಿಡಿದ ಸೆರಗು ತೆಗೆದರೆ ಅದರ ಮೇಲೆ ಕುಂಕುಮದಷ್ಟು ಕೆಂಪು. ನಮ್ಮ ಅತ್ತೆಯ ಸೆರಗಿನಲ್ಲಿ ಇದನ್ನು ನೋಡಿದ್ದೆ. ಅದಾಗಿ ಅವರು ಆರು ತಿಂಗಳು ಬದುಕಿದ್ದರು.

ಹೆದರಿಕೆ ಇಳಿದ ಮೇಲೆ ಎಂಥದೋ ಒಂದು ಮೊಂಡು ಧೈರ್ಯ ಬಂತು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡೆ. ಸಮಿತಿಯೂ ಬೇಡ, ರುಜುವೂ ಬೇಡ, ಆರು ಎಸಳಿನ ಹೂವಂತೂ ಮೊದಲೇ ಬೇಡ. ಒಲೆಯ ಮೇಲಿನ ಗೋಡೆಗೆ ಕಣ್ಣು ಮುಚ್ಚಿ ಒಂದು ಏಟು ಹಾಕಿದೆ. ಮಣ್ಣು ಉದುರಿತು. ಉಸಿರಿಗಾಗಿ ಹಾರೆ ಕೆಳಗಿಟ್ಟು ನಿಂತೆ. ಆಗ ಯಾರೂ ಮುಟ್ಟದೆ ಗೋಡೆ ಧಡ್ ಎಂದಿತು. ನಾನು ಹೊಡೆದ ಜಾಗದಲ್ಲೇ ಇನ್ನೊಂದು ಹಿಡಿ ಮಣ್ಣು ಉದುರಿತು.

ಕಿವಿಗೊಟ್ಟು ನಿಂತೆ. ಏನೂ ಇಲ್ಲ. ಹಾರೆ ಎತ್ತಿ ಮತ್ತೊಂದು ಹಾಕಿದೆ. ತಡೆದೆ. ಧಡ್! ಗೋಡೆಯೊಳಗಿನ ಒಂದು ಕಲ್ಲು ತಾನಾಗಿ ಅಲುಗಿತು. ನಾನೊಂದು ಹಾಕಿದರೆ ಅದೊಂದು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವಾಗ ನೋಡಿಲ್ಲವೇ, ಒಬ್ಬಳದು ಮೇಲೇಳುವಾಗ ಇನ್ನೊಬ್ಬಳದು ಇಳಿಯುತ್ತದೆ, ಹಾಗೆ. ಯಾರೆಂದು ಕಾಣದಿದ್ದರೂ ಆ ಲಯ ನನಗೆ ಗೊತ್ತಿತ್ತು. ಗಂಡಸರು ಹಾಗೆ ಹೊಡೆಯುವುದಿಲ್ಲ, ಅವರಿಗೆ ಸರದಿ ಕಾದು ಗೊತ್ತಿಲ್ಲ. ನನಗೆ ನಗು ಬಂತು, ಕೆಮ್ಮೂ ಬಂತು, ಹಾರೆ ನಿಲ್ಲಲಿಲ್ಲ. ಕೊನೆಗೆ ಒಂದು ದೊಡ್ಡ ಕಲ್ಲು ಹೊರಕ್ಕೆ ಉರುಳಿ ಬಿದ್ದು, ಅಡುಗೆಮನೆಯ ಒಳಗೆ ಬಿಸಿಲು ಬಂದು ನಿಂತಿತು. ಹೊಗೆ ಒಂದು ಕ್ಷಣ ಅನುಮಾನಿಸಿ, ಆಮೇಲೆ ದಾರಿ ಸಿಕ್ಕಿದ ಕುರಿಹಿಂಡಿನಂತೆ ಒಂದರ ಹಿಂದೊಂದು ನುಗ್ಗಿ ಹೊರಗೆ ಹೋಯಿತು.

ಹಾರೆ ಹಿಡಿದುಕೊಂಡೇ ಬೀದಿಗೆ ಓಡಿದೆ. ನಡುಗೆರೆಗೆ ಈ ಸಂದಿಯಿಂದ ನಾನು ಬಂದರೆ ಆ ಸಂದಿಯಿಂದ ಆಕೆ ಬಂದಳು. ಮಾಸ್ತರರ ಹೆಂಡತಿ ಅಂಬಾಬಾಯಿ. ನನಗಿಂತ ಹತ್ತು ವರ್ಷ ದೊಡ್ಡವರು, ಕಚ್ಚೆ ಮೇಲಕ್ಕೆ ಸಿಕ್ಕಿಸಿದ್ದಾರೆ, ಕೈಯಲ್ಲಿ ಒನಕೆ, ತಲೆಯ ಮೇಲೆಲ್ಲ ಸುಣ್ಣ. ಇಷ್ಟು ವರ್ಷ ದೂರದಿಂದ ಕಂಡು ಮುಖ ತಿರುಗಿಸಿದ್ದು ಬಿಟ್ಟರೆ ನಾವು ಮಾತಾಡಿದವರಲ್ಲ. ಚಪ್ಪರದ ಹಿಂದೆ, ನಡುಗೆರೆಯ ಮೇಲೆ, ಎದುರುಬದುರು ನಿಂತೆವು. ಆಕೆ ಬಾಯಿ ತೆರೆದದ್ದು ಮಾತಿಗೆ, ಬಂದದ್ದು ಕೆಮ್ಮು. ಅಯ್ಯೋ ಶಿವನೇ, ಅದು ನನ್ನದೇ ಕೆಮ್ಮು. ನಮ್ಮ ಮನೆಯಂಥದೇ ಮನೆ, ನಮ್ಮದರಂಥದೇ ಅಡುಗೆಮನೆ, ಅದೇ ಹೊಗೆ. ಇದು ನನಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ!

"ಕಾಳವ್ವಾ," ಎಂದರು ಆಕೆ, ಉಸಿರು ತೆಗೆದುಕೊಂಡು, "ನೀ ಒಲ್ಲೆ ಅಂದಿದ್ದೆಂತಲ್ಲ?"

"ನಾನ? ಏನ ಒಲ್ಲೆ ಅಂದೆ ಬಾಯಾರ?"

"ಕಿಂಡಿ. ಹನ್ನೆರಡು ವರ್ಷದ ಹಿಂದೆ ನಮ್ಮವರಿಗೆ ಕೇಳಿದ್ದೆ. ಆಚಾರ್ರ ಮನಿಯಾಕಿ ಸುತಾರಾಂ ಒಪ್ಪೂದಿಲ್ಲ ಅಂತಾಳ, ಏನ್ ಮಾಡ್ಲಿಕ್ಕೆ ಬರ್ತದ ಅಂದ್ರು. ನಾ ನಿನಗ ಬಯ್ಯದ ದಿನಾ ಇಲ್ಲ ನೋಡು. ಇವತ್ತ ಗೋಡಿ ಧಡ್ ಅಂದದ್ದು ಕೇಳಿ, ಆಕೀನಽ ಹೊಡೀಲಿಕ್ಕೆ ಹತ್ತ್ಯಾಳಲ್ಲ, ಇನ್ನ ನಂದೇನದ ಅಂತ ಒನಕಿ ತಗೊಂಡೆ."

ನಾನೂ ಆಕೆಗೆ ಬಯ್ಯದ ದಿನವಿರಲಿಲ್ಲ ಎಂದು ಹೇಳಿದೆ. ಹೇಳಿ ಹಗುರಾದೆ. ಇಬ್ಬರೂ ಕೆಮ್ಮುತ್ತಾ ನಗುತ್ತಾ ನಿಂತದ್ದು ಕೇಳಿ ಚಪ್ಪರದಲ್ಲಿದ್ದವರೆಲ್ಲ ಹಿಂದೆ ತಿರುಗಿದರು. ಧ್ವನಿವರ್ಧಕದಲ್ಲಿ ಶೇಷಗಿರಿ ಮಾಸ್ತರು, "ಈ ಕಡೆ ಆದದ್ದು ಆ ಕಡೆ," ಎಂದವರು ಅಲ್ಲಿಗೇ ನಿಲ್ಲಿಸಿದರು.

ಆ ದಿನವೇ ಕಟ್ಟೆಯ ಮೇಲೆ ವಿಚಾರಣೆ. ಒಪ್ಪಿಗೆಯಿಲ್ಲದೆ ಮೊದಲು ಒಡೆದವರು ಯಾರೋ ಅವರೇ ಮುಚ್ಚಬೇಕು ಎಂಬುದು ನಿಯಮ. ಯಾರು ಮೊದಲು? "ನಾನ," ಎಂದೆ. "ಅಲ್ಲ, ನಾನು," ಎಂದರು ಅಂಬಾಬಾಯಿ. ಪಂಪಾಪತಿ ಮತ್ತೊಮ್ಮೆ ಕೇಳಿದರು, ಮತ್ತೆ ಇಬ್ಬರೂ ಅದನ್ನೇ ಹೇಳಿದೆವು. ಗೋಡೆಯನ್ನು ಕೇಳಿದರೆ ಗೋಡೆ ಎರಡೂ ಕಡೆ ಒಂದೇ ಸಾಕ್ಷಿ ಹೇಳುತ್ತದೆ. ಮಾಸ್ತರರ ಮುಖ ಸುಣ್ಣವಾಗಿತ್ತು. "ಇಬ್ಬರೂ ಮೊದಲು ಆಗ್ಲಿಕ್ಕೆ ಬರೂದಿಲ್ಲ! ಹದಿನಾರು ವರ್ಷದ ಕೆಲಸಾ, ಮಧ್ಯಬಿಂದು..."

ಅಂಬಾಬಾಯಿ ಗಂಡನ ಕಡೆ ತಿರುಗಿದರು. "ಒಡೀಲಿಕ್ಕೆ ಜೋಡಿಮನಿಯವರ ಒಪ್ಪಿಗಿ ಬೇಕು ಅಂತ ನೀವಽ ಬರದೀರಲ್ಲ? ಇಕಿ ಒಡದಾಗ ನಾ ಒಪ್ಪೀನಿ, ನಾ ಒಡದಾಗ ಇಕಿ ಒಪ್ಪ್ಯಾಳ. ಇನ್ನೇನದ ನಿಮ್ಮ ತಕರಾರು? ಇದ್ರ ನಾಳೆಯಿಂದ ಒಲೀ ಮುಂದ ಕೂತು ಹೇಳ್ರಿ, ಅಲ್ಲೇ ಕೇಳ್ತೇನಿ."

ತಕರಾರು ಯಾರಿಗೂ ಉಳಿಯಲಿಲ್ಲ. ಆದರೆ ವಿದ್ವಾಂಸರು ಸುಮ್ಮನೆ ಮನೆಗೆ ಹೋಗುತ್ತಾರೆಯೇ? ಮರುದಿನ ಇಬ್ಬರೂ ಅಳತೆಯ ದಾರ ಹಿಡಿದು ಬಂದರು. ನಮ್ಮ ತೂತು ದುಂಡಗಿರಲಿಲ್ಲ, ಚೌಕವಿರಲಿಲ್ಲ, ಹಂದಿ ಕಚ್ಚಿದ ಗೆಣಸಿನ ಹಾಗಿತ್ತು. ಇಲ್ಲಿ ಅಳೆದರು, ಅಲ್ಲಿ ಅಳೆದರು. ಹದಿನೇಳು ಮೂಲೆ, ಹದಿನೇಳೂ ಒಂದಕ್ಕೊಂದು ತಾಳೆ. ಶೇಷಗಿರಿ ಮಾಸ್ತರರ ಕಣ್ಣಲ್ಲಿ ನೀರು. "ಎಂಥಾ ಸರಿಸಮ ಸೊಟ್ಟ! ಇಂಥಾದು ಯಾವ ಪುಸ್ತಕದಾಗೂ ಇಲ್ಲ." ಪಂಪಾಪತಿ ಅದರ ಚಿತ್ರ ಬರೆದುಕೊಂಡರು. ಬೋರ್ಡಿನಲ್ಲಿ ಈಗ ಕಮಲವೂ ಇಲ್ಲ, ಷಟ್ಕೋನವೂ ಇಲ್ಲ, ನಮ್ಮ ಸೊಟ್ಟ ತೂತೇ ಸಮಿತಿಯ ಲಾಂಛನ. ಅವರು ಅಳೆಯುತ್ತಾ ಕಿಂಡಿಗೆ ಅಡ್ಡ ನಿಂತಿದ್ದರಿಂದ ಹೊಗೆ ಒಳಗೇ ತುಂಬಿತ್ತು. "ಮುಗದಿದ್ರ ಸ್ವಲ್ಪ ಸರೀರಿ ಮಾಸ್ತರ," ಎಂದು ನಾನೇ ಕೈಮುಗಿದು ಕಳಿಸಬೇಕಾಯಿತು.

ಹೂವಿನ ಕಲ್ಲನ್ನು ನಾನು ಬಚ್ಚಲಿಗೆ ಹಾಕಿಸಿದೆ. ಬಟ್ಟೆ ಒಗೆಯಲು ಅದರಂಥ ಕಲ್ಲು ಇನ್ನೊಂದಿಲ್ಲ, ಎಂಥ ಜಿಡ್ಡೂ ಆ ಎಸಳುಗಳಿಗೆ ಉಜ್ಜಿದರೆ ಬಿಡುತ್ತದೆ. ಅಂಬಾಬಾಯಿಯ ಬಚ್ಚಲಲ್ಲೂ ಒಂದು ಮೂಡಿದೆ, ಅವರೂ ಹೊಗಳುತ್ತಾರೆ. ನಮ್ಮವರು ಮಾತ್ರ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ಅದು ಮುನಿಸೆಂದು ಮೂರನೆಯ ದಿನ ತಿಳಿಯಿತು. ಪಾಪ ಎನಿಸಿತು. ವರ್ಷಗಟ್ಟಲೆ ಕೆತ್ತಿದ ಕಲ್ಲಿನ ಮೇಲೆ ಲಂಗ ಒಗೆಯುವುದೆಂದರೆ ಯಾರಿಗಾದರೂ ನೋವೇ. ಆದರೂ ಕಲ್ಲನ್ನು ಕಿತ್ತು ಹಾಕಲಿಲ್ಲ ನಾನು.

ಐದನೆಯ ದಿನ ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದೆ. ಕಿಂಡಿಯಿಂದ ಗಾಳಿ ಬರುತ್ತಿತ್ತು, ಒಲೆ ಚೆನ್ನಾಗಿ ಉರಿಯುತ್ತಿತ್ತು. ಹಿತ್ತಲಲ್ಲಿ ಉಳಿಯ ಸದ್ದು ನಿಂತಿತು. ನಿಂತದ್ದೇ, ಯಾರೋ ಓಡಿ ಬರುವ ಸದ್ದು. ನಮ್ಮವರು ಬಾಗಿಲಿಗೆ ತಲೆ ಬಡಿಸಿಕೊಂಡು ಒಳಗೆ ನುಗ್ಗಿದರು. ಕೈಯಲ್ಲಿ ಉಳಿ ಹಾಗೇ ಇದೆ, ಮುಖದಲ್ಲಿ ರಕ್ತವಿಲ್ಲ. ನನ್ನನ್ನು ಕಂಡು ಗೋಡೆ ಹಿಡಿದುಕೊಂಡು ನಿಂತರು.

"ಏನಾತ್ರಿ?"

"ಕೆಮ್ಮು ಕೇಳಲಿಲ್ಲ," ಎಂದರು. "ಎಷ್ಟೊತ್ತಾದ್ರೂ ಕೇಳಲಿಲ್ಲ. ಅವ್ವ ಹೋದ ದಿನಾನೂ ಹಿಂಗ..." ಅಲ್ಲೇ ಕುಸಿದು ಕೂತು ಅತ್ತರು.

ಮೂರು ವರ್ಷ ನಾನು ಕೆಮ್ಮಿದ್ದನ್ನು ಕೇಳದ ಮನುಷ್ಯ! ನಿಂತದ್ದು ಮಾತ್ರ ಕೇಳಿಸಿತು. ಬಯ್ಯಬೇಕೆಂದು ಬಾಯಿ ತೆರೆದೆ. ನನಗೂ ಅಳು ಬಂತು, ಹೊಗೆಯ ನೆಪ ಹೇಳೋಣವೆಂದರೆ ಹೊಗೆಯೂ ಇರಲಿಲ್ಲ. ಅವರ ಕೈಯಿಂದ ಉಳಿ ತೆಗೆದು ಮೂಲೆಗಿಟ್ಟೆ, ಅತ್ತೆಯ ಊದುಗೊಳವೆಯನ್ನು ಕೈಗೆ ಕೊಟ್ಟೆ.

"ಕೂತೀರಿ ಹೆಂಗೂ," ಎಂದೆ, "ಒಲೀ ಊದ್ರಿ. ಇನ್ನ ಎಂಟು ರೊಟ್ಟಿ ಅದಾವ."